ಯಶವಂತಪುರದಿಂದ ಯಲಹಂಕಕ್ಕೆ: ಇಂಗ್ಲಿಷರ ಹೆಜ್ಜೆ ಹುಡುಕುತ್ತಾ

ಮಕ್ಕಳೇ, ‘ಅಮೆರಿಕದ ಹದಿಮೂರು ವಸಾಹತುಗಳು’ ಎಂಬ ಮಾತನ್ನು ಇತಿಹಾಸದ ಪಾಠದಲ್ಲಿ ನೀವು ಓದಿರಬಹುದು. ಎಲ್ಲಿಯ ಅಮೆರಿಕ, ಎಲ್ಲಿಯ ಬೆಂಗಳೂರು ಎಂದು ಪುಟ ಮಗುಚಿಯೂ ಇರಬಹುದು. ಆದರೆ ಯಶವಂತಪುರದಿಂದ ಯಲಹಂಕದವರೆಗೆ, ಸುಮಾರು ಹದಿನೈದು ಕಿಲೋಮೀಟರಿನ ದಾರಿಯಲ್ಲಿ ಒಂದು ಭಾನುವಾರ ಸುತ್ತಾಡಿ ನೋಡಿ. ಆ ಪಾಠ ಕಣ್ಣೆದುರಿಗೇ ಬರುತ್ತದೆ. ಜೊತೆಗೆ ಅಜ್ಜನೋ ಅಜ್ಜಿಯೋ ಇದ್ದರೆ ಇನ್ನೂ ಒಳ್ಳೆಯದು. ಏಕೆಂದರೆ ಈ ದಾರಿಯ ಅರ್ಧ ಕಥೆ ಅವರ ಬಾಯಲ್ಲಿದೆ.

ಹೊರಡುವ ಮೊದಲು ಒಂದು ವಿಷಯ ತಿಳಿದುಕೊಳ್ಳೋಣ. ನಾನೂರು ವರ್ಷಗಳ ಹಿಂದೆ ಇಂಗ್ಲಿಷರು ಎರಡು ದಿಕ್ಕಿಗೆ ಹಡಗು ಹತ್ತಿದರು. ಪೂರ್ವಕ್ಕೆ ಬರಲೆಂದು 1600ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಹುಟ್ಟಿತು. ಪಶ್ಚಿಮಕ್ಕೆ ಹೋದವರು 1607ರಲ್ಲಿ ಅಮೆರಿಕದ ಕರಾವಳಿಯಲ್ಲಿ ತಮ್ಮ ರಾಜ ಜೇಮ್ಸ್‌ನ ಹೆಸರಿನಲ್ಲಿ ಜೇಮ್ಸ್‌ಟೌನ್ ಕಟ್ಟಿದರು. ಪಶ್ಚಿಮಕ್ಕೆ ಹೋದವರಲ್ಲಿ ಬಹಳ ಮಂದಿ ಹೆಂಡತಿ ಮಕ್ಕಳನ್ನು ಕರೆದುಕೊಂಡು, ಬೀಜ, ನೇಗಿಲು, ದನಕರುಗಳನ್ನು ಹಡಗಿಗೆ ತುಂಬಿಕೊಂಡು, ಅಲ್ಲೇ ಉಳಿಯಲೆಂದು ಹೋದರು. ಪೂರ್ವಕ್ಕೆ ಬಂದವರು ವ್ಯಾಪಾರಕ್ಕೆ ಬಂದರು, ಆಮೇಲೆ ಆಳಲು ನಿಂತರು, ಕೆಲಸ ಮುಗಿದ ಮೇಲೆ ಊರಿಗೆ ಮರಳಿದರು. ಒಂದೇ ಇಂಗ್ಲಿಷ್ ಸಂಸ್ಕೃತಿ ಎರಡು ಮಣ್ಣಿಗೆ ಬಿತ್ತು. ಎರಡು ಕಡೆಯೂ ಬೆಳೆದದ್ದು ಒಂದೇ ಗಿಡವೇ? ಅದನ್ನು ನೋಡುತ್ತಾ ಸಾಗೋಣ.

ಯಶವಂತಪುರ: ಟಿಕೀಟು, ಸ್ಟೇಷನ್ನು, ಬೈಟು ಕಾಫಿ

ಬೆಂಗಳೂರಿಗೆ ರೈಲು ಬಂದದ್ದು 1864ರಲ್ಲಿ, ಜೋಲಾರಪೇಟೆಯಿಂದ ದಂಡು ಪ್ರದೇಶಕ್ಕೆ. ಇಪ್ಪತ್ತು ವರ್ಷಗಳ ಮೇಲೆ, 1884ರಲ್ಲಿ, ಯಶವಂತಪುರದ ಮೂಲಕ ತುಮಕೂರಿಗೆ ಮೀಟರ್ ಗೇಜ್ ಹಳಿ ಬಿತ್ತು. ಹಳ್ಳಿಯ ಜನ ಅದನ್ನು ‘ಹೊಗೆಬಂಡಿ’, ‘ಉಗಿಬಂಡಿ’ ಎಂದು ಕರೆದರು. ಬಂಡಿಯ ಜೊತೆ ಇಂಗ್ಲಿಷ್ ಮಾತುಗಳೂ ಇಳಿದವು. ನಮ್ಮವರು ಅವಕ್ಕೆ ಬಾಲದಲ್ಲೊಂದು ‘ಉ’ಕಾರ ಅಂಟಿಸಿ ಮನೆಯೊಳಗೆ ಕರೆದುಕೊಂಡರು. ಟಿಕೀಟು, ಸ್ಟೇಷನ್ನು, ಗಾರ್ಡು, ಬಸ್ಸು, ಕಾರು. ಹಾಸ್ಪಿಟಲ್ ಎಂಬುದು ಆಸ್ಪತ್ರೆಯಾಯಿತು. ಲ್ಯಾಂಟರ್ನ್ ಎಂಬುದು ಲಾಂದ್ರವಾಯಿತು. ಇಂದು ‘ಆಸ್ಪತ್ರೆ’ ಎಂಬ ಪದವನ್ನು ಇಂಗ್ಲಿಷಿನವನಿಗೆ ಹೇಳಿದರೆ ಅದು ತನ್ನದೇ ಪದ ಎಂದು ಅವನಿಗೆ ಗುರುತು ಸಿಗಲಿಕ್ಕಿಲ್ಲ.

ಸ್ಟೇಷನ್ನಿನ ಹೊರಗೆ ದರ್ಶಿನಿಯಲ್ಲಿ ‘ಬೈಟು ಕಾಫಿ’ ಕೇಳಿ ನೋಡಿ. ಒಂದು ಕಾಫಿಯನ್ನು ಎರಡು ಲೋಟಕ್ಕೆ ಹಂಚಿ ಕೊಡುತ್ತಾರೆ. ‘ಬೈ’, ‘ಟು’ ಎರಡೂ ಇಂಗ್ಲಿಷ್ ಪದಗಳೇ. ಆದರೆ ಲಂಡನ್ನಿನಲ್ಲಿ ಹೀಗೆ ಕೇಳಿದರೆ ಯಾರಿಗೂ ಅರ್ಥವಾಗುವುದಿಲ್ಲ. ಮಾತು ಅವರದು, ಹಂಚಿ ಕುಡಿಯುವ ಪದ್ಧತಿ ನಮ್ಮದು.

ಅಮೆರಿಕದಲ್ಲಿ ಕಾಫಿಯ ಕಥೆ ಬೇರೆ. ಅಲ್ಲಿಗೆ ಹೋದ ಇಂಗ್ಲಿಷರು ಊರಿನ ಚಹಾ ಚಟವನ್ನೂ ಕಟ್ಟಿಕೊಂಡೇ ಹೋಗಿದ್ದರು. ಉಳ್ಳವರ ಮನೆಯಲ್ಲಿ ಲಂಡನ್ನಿನಿಂದ ತರಿಸಿದ ಪಿಂಗಾಣಿ ಬಟ್ಟಲು, ಸಂಜೆಯ ಚಹಾಕೂಟ, ಎಲ್ಲವೂ ಇಂಗ್ಲೆಂಡಿನ ಹಾಗೇ ನಡೆಯಬೇಕು. ಆದರೆ ತಮ್ಮ ಪ್ರತಿನಿಧಿಗಳೇ ಇಲ್ಲದ ಲಂಡನ್ನಿನ ಸಂಸತ್ತು ತಮ್ಮ ಚಹಾದ ಮೇಲೆ ತೆರಿಗೆ ಹಾಕಿದಾಗ ಅವರು ಸಿಟ್ಟಿಗೆದ್ದರು. 1773ರ ಡಿಸೆಂಬರ್ 16ರ ರಾತ್ರಿ ಬಾಸ್ಟನ್ ಬಂದರಿನಲ್ಲಿ 342 ಪೆಟ್ಟಿಗೆ ಚಹಾವನ್ನು ಸಮುದ್ರಕ್ಕೆ ಸುರಿದರು. ಆ ಚಹಾ ಯಾರದು ಗೊತ್ತೆ? ನಮ್ಮ ನೆಲವನ್ನು ಒಂದೊಂದಾಗಿ ನುಂಗುತ್ತಿದ್ದ ಅದೇ ಈಸ್ಟ್ ಇಂಡಿಯಾ ಕಂಪನಿಯದು. ಅಂದಿನಿಂದ ಚಹಾ ಬಿಡುವುದೇ ದೇಶಪ್ರೇಮ ಎಂದು ಎಷ್ಟೋ ಅಮೆರಿಕನ್ನರು ಕಾಫಿಗೆ ಹೊರಳಿದರು.

ಟಾಟಾ ಇನ್‌ಸ್ಟಿಟ್ಯೂಟ್: ಕೋಟು ಮತ್ತು ಪೇಟ

ಯಶವಂತಪುರ ದಾಟಿ ಸಿ.ವಿ. ರಾಮನ್ ರಸ್ತೆಗೆ ಬಂದರೆ ಮರಗಳ ನಡುವೆ ಭಾರತೀಯ ವಿಜ್ಞಾನ ಸಂಸ್ಥೆ. ಹುಟ್ಟಿದ್ದು 1909ರಲ್ಲಿ. ಕಲ್ಲಿನ ಕಟ್ಟಡ, ಎತ್ತರದ ಗೋಪುರ, ಮುಂದೆ ಹುಲ್ಲುಹಾಸು, ಎಲ್ಲ ನೋಡಿದರೆ ಇಂಗ್ಲೆಂಡಿನ ಯಾವುದೋ ವಿಶ್ವವಿದ್ಯಾಲಯದಂತೆ ಕಾಣುತ್ತದೆ. ಮೊದಲ ನಿರ್ದೇಶಕ ಮಾರಿಸ್ ಟ್ರಾವರ್ಸ್ ಕೂಡ ಇಂಗ್ಲಿಷರೇ. ಆದರೆ ಕನಸು ಕಂಡು ಹಣ ಮುಡಿಪಿಟ್ಟವರು ಜಮಶೇಟ್‌ಜಿ ಟಾಟಾ. 370 ಎಕರೆಗೂ ಹೆಚ್ಚು ಜಾಗ ಕೊಟ್ಟದ್ದು ಮೈಸೂರು ಸಂಸ್ಥಾನ. ಸುತ್ತಲಿನ ಹಿರಿಯರು ಇವತ್ತಿಗೂ ಅದನ್ನು ‘ಟಾಟಾ ಇನ್‌ಸ್ಟಿಟ್ಯೂಟ್’ ಎನ್ನುತ್ತಾರೆ. ಯಾರಿಂದ ಬಂತು ಎಂಬುದನ್ನು ಅವರು ಹೆಸರಿನಲ್ಲೇ ಉಳಿಸಿಕೊಂಡಿದ್ದಾರೆ.

ಅಮೆರಿಕದ ವಲಸಿಗರೂ ಬೇಗನೆ ಕಾಲೇಜು ಕಟ್ಟಿದರು. 1636ರಲ್ಲಿ ಶುರುವಾದದ್ದೇ ಹಾರ್ವರ್ಡ್. ಕಟ್ಟಿದವರಲ್ಲಿ ಹಲವರು ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಓದಿದವರು, ಹಾಗಾಗಿ ಆ ಊರಿಗೇ ಕೇಂಬ್ರಿಜ್ ಎಂದು ಹೆಸರಿಟ್ಟರು. ಸಣ್ಣ ಮಕ್ಕಳು ಕಲಿಯುತ್ತಿದ್ದದ್ದು ‘ಹಾರ್ನ್‌ಬುಕ್’ನಿಂದ. ಅದು ಪುಸ್ತಕವಲ್ಲ, ಹಿಡಿಕೆ ಇರುವ ಪುಟ್ಟ ಹಲಗೆ. ಅದರ ಮೇಲೆ ಅಕ್ಷರ ಬರೆದ ಹಾಳೆ, ಹಾಳೆ ಹಾಳಾಗದಂತೆ ಮೇಲೊಂದು ತೆಳುವಾದ ಕೊಂಬಿನ ಪದರ. ನಿಮ್ಮ ಮುತ್ತಜ್ಜ ಕೂಲಿಮಠದಲ್ಲಿ ಮರಳಿನ ಮೇಲೆ ಬೆರಳಿಂದ ಅಕ್ಷರ ತಿದ್ದಿದ ಹಾಗೆ, ಅಲ್ಲಿಯ ಮಕ್ಕಳು ಆ ಹಲಗೆ ಹಿಡಿದು ಅಕ್ಷರ ಒಪ್ಪಿಸುತ್ತಿದ್ದರು.

ಬಟ್ಟೆಬರೆಯ ವಿಚಾರವೂ ಸ್ವಾರಸ್ಯವಾಗಿದೆ. ಮುಂದೆ ಅಮೆರಿಕದ ಮೊದಲ ಅಧ್ಯಕ್ಷರಾದ ಜಾರ್ಜ್ ವಾಷಿಂಗ್ಟನ್, ತರುಣ ಜಮೀನುದಾರರಾಗಿದ್ದಾಗ ಹೊಲದ ಹೊಗೆಸೊಪ್ಪನ್ನು ಲಂಡನ್ನಿಗೆ ಕಳಿಸಿ, ಅದರ ಹಣದಲ್ಲಿ ತಮ್ಮ ಉಡುಪನ್ನು ಅಲ್ಲಿಂದಲೇ ತರಿಸಿಕೊಳ್ಳುತ್ತಿದ್ದರು. ಹೊಲದಲ್ಲಿ ದುಡಿಯುತ್ತಿದ್ದವರು ಆಫ್ರಿಕಾದಿಂದ ಹಿಡಿದು ತಂದ ಗುಲಾಮರು ಮತ್ತು ಅವರ ಮಕ್ಕಳು ಎಂಬುದನ್ನೂ ಮರೆಯಬಾರದು. ಅಡಿಯಿಂದ ಮುಡಿಯವರೆಗೆ ಇಂಗ್ಲೆಂಡಿನ ದೊಡ್ಡ ಮನುಷ್ಯನಂತೆ ಕಾಣಬೇಕು ಎಂಬುದೇ ಆಗಿನ ಸಿರಿವಂತರ ಆಸೆ.

ನಮ್ಮಲ್ಲಿ? ಇದೇ ಸಂಸ್ಥೆಗೆ 1933ರಲ್ಲಿ ಮೊದಲ ಭಾರತೀಯ ನಿರ್ದೇಶಕರಾಗಿ ಬಂದ ಸರ್ ಸಿ.ವಿ. ರಾಮನ್ ಅವರ ಫೋಟೋ ನೋಡಿ. ಮೈಮೇಲೆ ಇಂಗ್ಲಿಷ್ ಕೋಟು, ತಲೆಯ ಮೇಲೆ ಪೇಟ. ಸರ್ ಎಂ. ವಿಶ್ವೇಶ್ವರಯ್ಯನವರದೂ ಅದೇ. ಮನೆಯಲ್ಲಿ ಹಳೆಯ ಮದುವೆ ಫೋಟೋ ಇದ್ದರೆ ತೆಗೆದು ನೋಡಿ. ಕಚ್ಚೆಪಂಚೆ ಉಟ್ಟು, ಮೇಲೆ ಕೋಟು ತೊಟ್ಟು ನಿಂತ ಮುತ್ತಜ್ಜ ಅಲ್ಲೂ ಸಿಗಬಹುದು. ಅವರು ಚಳಿಗೆ, ಕಚೇರಿಗೆ ಬೇಕಾದ ಕೋಟನ್ನು ತೆಗೆದುಕೊಂಡರು, ಪೇಟವನ್ನು ಬಿಡಲಿಲ್ಲ.

ಮೇಖ್ರಿ ಸರ್ಕಲ್ಲು, ಆರ್.ಟಿ. ನಗರ: ಅಕ್ಷರಗಳ ಹಿಂದೆ ಯಾರು?

ಸದಾಶಿವನಗರ ದಾಟಿದರೆ ಮೇಖ್ರಿ ಸರ್ಕಲ್ಲು. ಸದಾ ವಾಹನಗಳ ಗದ್ದಲ. ಆ ಗದ್ದಲದ ಪಕ್ಕದಲ್ಲೇ ಬಂಡೆಯ ಮೇಲೆ ಕೆಂಪೇಗೌಡರ ಹೆಸರಿನ ಗೋಪುರ ಸುಮ್ಮನೆ ನಿಂತಿದೆ. ಬೆಂಗಳೂರಿನ ನಾಲ್ಕು ಗೋಪುರಗಳಲ್ಲಿ ಉತ್ತರದ್ದು ಇದೇ. ಸರ್ಕಲ್ಲಿನ ಹೆಸರು ಸ್ವಾತಂತ್ರ್ಯ ಹೋರಾಟಗಾರ ಇನಾಯತುಲ್ಲಾ ಮೇಖ್ರಿ ಅವರ ನೆನಪಿಗೆ ಇಟ್ಟದ್ದು. ಬಸ್ಸಿನಲ್ಲಿ ದಿನವೂ ‘ಮೇಖ್ರಿ, ಮೇಖ್ರಿ’ ಎಂದು ಕೂಗುವುದನ್ನು ಕೇಳುತ್ತೇವೆ. ಅದು ಒಬ್ಬ ಮನುಷ್ಯನ ಹೆಸರು ಎಂದು ಎಷ್ಟು ಜನರಿಗೆ ಗೊತ್ತು?

ಬಲಕ್ಕೆ ತಿರುಗಿದರೆ ಆರ್.ಟಿ. ನಗರ. ಆರ್.ಟಿ. ಎಂದರೆ ರವೀಂದ್ರನಾಥ ಟ್ಯಾಗೋರ್. ಬ್ರಿಟಿಷ್ ಸರ್ಕಾರ 1915ರಲ್ಲಿ ಅವರಿಗೆ ‘ಸರ್’ ಪದವಿ ಕೊಟ್ಟಿತ್ತು. 1919ರಲ್ಲಿ ಜಲಿಯನ್‌ವಾಲಾ ಬಾಗ್‌ನಲ್ಲಿ ಜನರ ಮೇಲೆ ಗುಂಡು ಹಾರಿಸಿದಾಗ, ನನಗೆ ಈ ಪದವಿ ಬೇಡ ಎಂದು ಅವರು ಹಿಂದಿರುಗಿಸಿದರು. ಅಂಥವರ ಹೆಸರನ್ನು ನಾವು ಎರಡು ಇಂಗ್ಲಿಷ್ ಅಕ್ಷರಕ್ಕೆ ಇಳಿಸಿಬಿಟ್ಟಿದ್ದೇವೆ. ಹೀಗೆ ಮೊಟಕು ಮಾಡುವ ಅಭ್ಯಾಸವೂ ಇಂಗ್ಲಿಷಿನ ಕೊಡುಗೆಯೇ. ಬೋರ್ಡಿನ ಮೇಲೆ ಜಾಗ ಉಳಿಯಿತು, ಕಂಡಕ್ಟರಿಗೆ ಕೂಗಲು ಸುಲಭವಾಯಿತು, ಟ್ಯಾಗೋರರು ಮಾತ್ರ ಮರೆಗೆ ಸರಿದರು.

ಆರ್.ಟಿ. ನಗರದ ಅಡ್ಡರಸ್ತೆಗಳಲ್ಲಿ ಭಾನುವಾರ ಗಲ್ಲಿ ಕ್ರಿಕೆಟ್ ಜೋರು. ಕ್ರಿಕೆಟ್ಟು ಇಂಗ್ಲಿಷರ ಆಟ. ‘ಒನ್ ಪಿಚ್ ಕ್ಯಾಚ್ ಔಟ್’, ‘ಕಾಂಪೌಂಡ್ ದಾಟಿದರೆ ಔಟ್’ ಎಂಬ ಕಾನೂನು ಮಾತ್ರ ಶುದ್ಧ ನಮ್ಮ ಬೀದಿಯದು. ಅಮೆರಿಕದಲ್ಲೂ ವಲಸಿಗರು ಕ್ರಿಕೆಟ್ ಆಡುತ್ತಿದ್ದರು. ಎರಡು ದೇಶಗಳ ನಡುವಿನ ಮೊಟ್ಟಮೊದಲ ಕ್ರಿಕೆಟ್ ಪಂದ್ಯ ನಡೆದದ್ದು 1844ರಲ್ಲಿ, ನ್ಯೂಯಾರ್ಕಿನಲ್ಲಿ, ಅಮೆರಿಕ ಮತ್ತು ಕೆನಡಾ ನಡುವೆ! ಮುಂದೆ ಅವರು ಬೇಸ್‌ಬಾಲ್ ಹಿಡಿದರು, ಕ್ರಿಕೆಟ್ ಬಿಟ್ಟರು. ಇಂಗ್ಲಿಷರ ಮಕ್ಕಳು ಮೊಮ್ಮಕ್ಕಳು ಬಿಟ್ಟ ಆಟವನ್ನು ನಾವು ಮನೆಮಗುವಿನಂತೆ ಸಾಕಿಕೊಂಡೆವು.

ಹೆಬ್ಬಾಳ: ಕಲ್ಲಿನ ಮೇಲೆ ಉಳಿದ ಹೆಸರು

ಮೇಖ್ರಿ ಸರ್ಕಲ್ಲಿಗೆ ಮರಳಿ ಬಳ್ಳಾರಿ ರಸ್ತೆ ಹಿಡಿದರೆ ಹೆಬ್ಬಾಳ. ಮೇಲ್ಸೇತುವೆ, ಕೆರೆ, ಚಳಿಗಾಲದಲ್ಲಿ ಹಕ್ಕಿಗಳು. ಇಲ್ಲಿ 2018ರಲ್ಲಿ ಒಂದು ವೀರಗಲ್ಲು ಪತ್ತೆಯಾಯಿತು. ಗಂಗರ ರಾಜ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750ರ ಕನ್ನಡ ಶಾಸನ. ಊರಿಗಾಗಿ ಹೋರಾಡಿ ಮಡಿದ ಕಿತ್ತಯ್ಯ ಎಂಬ ವೀರನ ನೆನಪಿಗೆ ನಿಲ್ಲಿಸಿದ್ದು. ಅದರಲ್ಲಿ ಈ ಸೀಮೆಯನ್ನು ‘ಪೆರ್ಬೊಳಲ್ ನಾಡು’ ಎಂದು ಕರೆದಿದೆ. ಪೆರ್ ಎಂದರೆ ಹಿರಿದು, ಪೊಳಲ್ ಎಂದರೆ ಪಟ್ಟಣ. ಹಳಗನ್ನಡದ ‘ಪಾಲು’ ಹಾಲಾದಂತೆ, ಪೆರ್ಬೊಳಲ್ ಹೆಬ್ಬಾಳವಾಯಿತು. ಇಂಗ್ಲಿಷರು ಹಡಗು ಹತ್ತುವುದಕ್ಕೆ ಎಂಟುನೂರು ವರ್ಷಕ್ಕೂ ಮೊದಲೇ ಇಟ್ಟ ಹೆಸರು ಇಂದಿಗೂ ಬಸ್ಸಿನ ಬೋರ್ಡಿನ ಮೇಲಿದೆ.

ಬೆಂಗಳೂರಿನ ದಂಡು ಪ್ರದೇಶದಲ್ಲಿ ಇಂಗ್ಲಿಷರು ತಮ್ಮವರ ಹೆಸರಿಟ್ಟರು. ಫ್ರೇಜರ್ ಟೌನ್, ಕಾಕ್ಸ್ ಟೌನ್, ಬೆನ್ಸನ್ ಟೌನ್ ಹುಟ್ಟಿದ್ದು ಹಾಗೆ. ಆದರೆ ಹೆಬ್ಬಾಳ, ಕೊಡಿಗೇಹಳ್ಳಿ, ಜಕ್ಕೂರು, ಯಲಹಂಕ ಹಾಗೇ ಉಳಿದವು, ಏಕೆಂದರೆ ಆ ಹೆಸರು ಕರೆಯುವ ಜನ ಊರು ಬಿಡಲಿಲ್ಲ. ಅಮೆರಿಕದಲ್ಲಿ ಬಾಸ್ಟನ್, ಪ್ಲಿಮತ್, ಕೇಂಬ್ರಿಜ್, ನ್ಯೂಯಾರ್ಕ್ ಎಂದು ಇಂಗ್ಲೆಂಡಿನ ಊರುಗಳೇ ಮತ್ತೆ ಹುಟ್ಟಿದವು. ಮೂಲನಿವಾಸಿಗಳ ಹೆಸರೂ ಕೆಲವು ಉಳಿದಿವೆ. ಮ್ಯಾಸಚೂಸೆಟ್ಸ್, ಕನೆಕ್ಟಿಕಟ್ ಅವರ ಭಾಷೆಯ ಪದಗಳು. ಆದರೆ ಅಲ್ಲಿ ಹೆಸರಿಟ್ಟವರಲ್ಲಿ ಬಹಳ ಮಂದಿ ಇಲ್ಲವಾದರು. ಹೊಸ ರೋಗಗಳು, ಯುದ್ಧಗಳು, ಜಮೀನಿನ ಆಸೆ ಸೇರಿ ಅವರನ್ನು ತಮ್ಮ ನೆಲದಿಂದ ಅಟ್ಟಿದವು. ಎಷ್ಟೋ ಭಾಷೆಗಳಿಗೆ ಮಾತಾಡುವ ನಾಲಗೆಯೇ ಉಳಿಯಲಿಲ್ಲ. ಅಲ್ಲಿಗೂ ಇಲ್ಲಿಗೂ ಇರುವ ದೊಡ್ಡ ವ್ಯತ್ಯಾಸ ಇದು.

ಜಿಕೆವಿಕೆ: ‘ಸೀಮೆ’ಯಿಂದ ಬಂದದ್ದು

ಹೆಬ್ಬಾಳದಲ್ಲಿ 1899ರಲ್ಲೇ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಕೃಷಿ ಪ್ರಯೋಗಕ್ಕೆಂದು 30 ಎಕರೆ ಜಮೀನು ಕೊಟ್ಟಿದ್ದರು. ಅದೇ ಬೇರಿನಿಂದ 1964ರಲ್ಲಿ ಕೃಷಿ ವಿಶ್ವವಿದ್ಯಾಲಯ ಹುಟ್ಟಿತು. ಇದರ ಮಾದರಿ ಇಂಗ್ಲೆಂಡಿನದಲ್ಲ, ಅಮೆರಿಕದ್ದು. ಅಧ್ಯಕ್ಷ ಲಿಂಕನ್ 1862ರಲ್ಲಿ ಸಹಿ ಹಾಕಿದ ಕಾಯಿದೆಯಂತೆ, ರೈತರ ಮಕ್ಕಳು ಓದುವ ಕಾಲೇಜುಗಳಿಗಾಗಿ ಅಲ್ಲಿನ ಸರ್ಕಾರ ರಾಜ್ಯಗಳಿಗೆ ಜಮೀನು ಕೊಟ್ಟಿತು. ಆ ಜಮೀನು ಮೂಲನಿವಾಸಿಗಳಿಂದ ಪಡೆದದ್ದು ಎಂಬುದೂ ನಿಜ. ಕಲಿಕೆ, ಸಂಶೋಧನೆ, ಹೊಲಕ್ಕೆ ಹೋಗಿ ರೈತನಿಗೆ ತಿಳಿಸುವುದು, ಈ ಮೂರೂ ಒಟ್ಟಿಗೆ ನಡೆಯಬೇಕೆಂಬುದು ಅದರ ತತ್ವ. ಅಲ್ಲಿನ ಟೆನೆಸ್ಸಿ ವಿಶ್ವವಿದ್ಯಾಲಯ ನಮ್ಮವರಿಗೆ ನೆರವಾಯಿತು. ಪದ್ಧತಿ ಅಮೆರಿಕದ್ದಾದರೂ ಇಲ್ಲಿನವರು ಹೆಚ್ಚು ತಲೆ ಕೆಡಿಸಿಕೊಂಡದ್ದು ನಮ್ಮ ರಾಗಿಯ ಬಗ್ಗೆ. ರೈತರು ಮೆಚ್ಚಿದ ‘ಜಿಪಿಯು-28’ ರಾಗಿ ತಳಿ ಬಂದದ್ದು ಬಳ್ಳಾರಿ ರಸ್ತೆಯ ಈ ಕ್ಯಾಂಪಸ್ಸಿನಿಂದಲೇ. ಅಂದಹಾಗೆ ಜಿಕೆವಿಕೆ ಎಂದರೆ ಗಾಂಧಿ ಕೃಷಿ ವಿಜ್ಞಾನ ಕೇಂದ್ರ. ಇಲ್ಲಿ ಅಕ್ಷರಗಳ ಹಿಂದೆ ಕೂತವರು ಗಾಂಧೀಜಿ!

ನವೆಂಬರ್ ತಿಂಗಳಲ್ಲಿ ಇಲ್ಲಿ ಕೃಷಿಮೇಳ ನಡೆಯುತ್ತದೆ. ಹೋದಾಗ ಅಜ್ಜಿಯನ್ನು ‘ಸೀಮೆ’ ಎಂದರೇನು ಎಂದು ಕೇಳಿ. ಹಿಂದೆ ಪರದೇಶದಿಂದ ಬಂದ ಯಾವುದೇ ವಸ್ತುವಿಗೆ ನಮ್ಮವರು ‘ಸೀಮೆ’ ಸೇರಿಸಿ ಹೆಸರಿಡುತ್ತಿದ್ದರು. ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಹಸು, ಸೀಮೆಹುಣಸೆ, ಸೀಮೆಬದನೆಕಾಯಿ. ಬಳಪ ಬೇರೆ, ಸೀಮೆಸುಣ್ಣ ಬೇರೆ ಎಂದು ಯಾರಿಗೂ ಗೊಂದಲವಾಗಲಿಲ್ಲ. ವಸ್ತು ಹೊಸದಾಗಿ ಬಂದಾಗ ಕನ್ನಡ ಬಾಯಿ ಮುಚ್ಚಿಕೊಂಡು ಕೂರಲಿಲ್ಲ, ಕೂಡಲೇ ಹೆಸರು ಹುಡುಕಿತು.

ಸೀಮೆಬದನೆಯ ತವರು ಅಮೆರಿಕ ಖಂಡದ ಮೆಕ್ಸಿಕೋ ಕಡೆ. ಬ್ರಿಟಿಷರ ಕಾಲದಲ್ಲಿ ಲಾಲ್‌ಬಾಗ್‌ನಂಥ ತೋಟಗಳು ಪರದೇಶದ ಗಿಡಗಳನ್ನು ತರಿಸಿ ಬೆಳೆಸಿ ಹಂಚಿದವು. ನಾವು ಇದನ್ನು ಹೊರಗಿನ ಬದನೆ ಎಂದೆವು. ತಮಿಳರು, ತೆಲುಗರು ಇದನ್ನೇ ‘ಬೆಂಗಳೂರು ಬದನೆ’ ಎನ್ನುತ್ತಾರೆ! ಯಲಹಂಕದಿಂದಾಚೆ ದೇವನಹಳ್ಳಿ, ಚಿಕ್ಕಬಳ್ಳಾಪುರದ ಕಡೆ ಬೆಳೆಯುವ ಕಪ್ಪು ನೀಲಿ ‘ಬೆಂಗಳೂರು ಬ್ಲೂ’ ದ್ರಾಕ್ಷಿಯದೂ ಇಂಥದೇ ಕಥೆ. ಅದರ ವಂಶದಲ್ಲಿ ಅಮೆರಿಕದ ಪೂರ್ವ ಭಾಗದ ಕಾಡುದ್ರಾಕ್ಷಿ ಸೇರಿದೆ. ಅಲ್ಲಿಗೆ ಹೋದ ಇಂಗ್ಲಿಷ್ ವಲಸಿಗರು ಮರಗಳ ಮೇಲೆ ಹಬ್ಬಿದ್ದನ್ನು ಕಂಡು ಬೆರಗಾದದ್ದು ಅಂಥ ಕಾಡುಬಳ್ಳಿಗಳನ್ನೇ. ಇಂದು ಅದರ ಮೊಮ್ಮಗಳು ಬೆಂಗಳೂರಿನ ಹೆಸರಿನಲ್ಲೇ ಭೌಗೋಳಿಕ ಗುರುತು ಪಡೆದಿದ್ದಾಳೆ.

ಯಲಹಂಕ: ಸೋತವನು ಗೆದ್ದ ದಾರಿ

ಜಕ್ಕೂರು ದಾಟಿ ಯಲಹಂಕ ತಲುಪಿದೆವು. ಕೆಂಪೇಗೌಡರು ‘ಯಲಹಂಕ ನಾಡಪ್ರಭು’ ಎನಿಸಿಕೊಂಡದ್ದು ಈ ಊರಿನಿಂದಲೇ. ಇಲ್ಲಿಂದ ಹೋಗಿ ಅವರು 1537ರಲ್ಲಿ ಬೆಂಗಳೂರು ಕಟ್ಟಿದರು.

ಈಗ ಅಮೆರಿಕ ಮತ್ತು ಬೆಂಗಳೂರು ಎರಡನ್ನೂ ಕಂಡ ಒಬ್ಬ ಮನುಷ್ಯನ ಕಥೆ. ಅವನು ಲಾರ್ಡ್ ಕಾರ್ನ್‌ವಾಲಿಸ್. 1781ರ ಅಕ್ಟೋಬರ್ 19ರಂದು ಅಮೆರಿಕದ ಯಾರ್ಕ್‌ಟೌನ್‌ನಲ್ಲಿ ಅವನ ಸೈನ್ಯ ವಾಷಿಂಗ್ಟನ್ನರ ಪಡೆಗೆ ಶರಣಾಯಿತು. ಅಮೆರಿಕ ಇಂಗ್ಲೆಂಡಿನ ಕೈಬಿಟ್ಟುಹೋಯಿತು. ಹತ್ತು ವರ್ಷವೂ ಆಗಿರಲಿಲ್ಲ, ಅದೇ ಕಾರ್ನ್‌ವಾಲಿಸ್ ಭಾರತದ ಗವರ್ನರ್ ಜನರಲ್ ಆಗಿ ಬಂದು, 1791ರ ಮಾರ್ಚ್ 21ರ ರಾತ್ರಿ ಟಿಪ್ಪು ಸುಲ್ತಾನನ ಬೆಂಗಳೂರು ಕೋಟೆಯನ್ನು ಹಿಡಿದ. ಆಮೇಲೆ ನಿಜಾಮನ ಕುದುರೆ ಪಡೆಯನ್ನು ಕೂಡಿಕೊಳ್ಳಲು ಉತ್ತರಕ್ಕೆ, ದೇವನಹಳ್ಳಿಯತ್ತ ದಂಡು ನಡೆಸಿದ. ಯಲಹಂಕದ ಮುಂದಿರುವ ಆ ದೇವನಹಳ್ಳಿ ಟಿಪ್ಪು ಹುಟ್ಟಿದ ಊರು.

ಅಮೆರಿಕನ್ನರಿಗೆ ನಮ್ಮ ಕಡೆಯ ಸುದ್ದಿ ಗೊತ್ತಿತ್ತೆ? ಗೊತ್ತಿತ್ತು! 1782ರಲ್ಲಿ, ಟಿಪ್ಪುವಿನ ತಂದೆ ಹೈದರ್ ಅಲಿ ಇಲ್ಲಿ ಇಂಗ್ಲಿಷರೊಡನೆ ಕಾದಾಡುತ್ತಿದ್ದಾಗಲೇ, ಪೆನ್ಸಿಲ್ವೇನಿಯಾದವರು ತಮ್ಮ ಯುದ್ಧನೌಕೆಗೆ ‘ಹೈದರ್ ಅಲಿ’ ಎಂದು ಹೆಸರಿಟ್ಟಿದ್ದರು. ಆ ವರ್ಷದ ಏಪ್ರಿಲ್‌ನಲ್ಲಿ ಅದು ‘ಜನರಲ್ ಮಂಕ್’ ಎಂಬ ಬ್ರಿಟಿಷ್ ಹಡಗನ್ನು ಸೆರೆಹಿಡಿಯಿತು. ಇನ್ನೊಂದು ಸಂಗತಿ. ಮೈಸೂರಿನ ರಾಕೆಟ್ಟುಗಳನ್ನು ನೋಡಿ ಕಲಿತ ಬ್ರಿಟಿಷರು ತಮ್ಮದೇ ರಾಕೆಟ್ ಮಾಡಿ, 1814ರಲ್ಲಿ ಅಮೆರಿಕದ ಬಾಲ್ಟಿಮೋರ್ ಕೋಟೆಯ ಮೇಲೆ ಹಾರಿಸಿದರು. ಅಂದು ಆಕಾಶದಲ್ಲಿ ಕಂಡ ಆ ಕೆಂಪು ಬೆಳಕಿನ ಪ್ರಸ್ತಾಪ ಅಮೆರಿಕದ ರಾಷ್ಟ್ರಗೀತೆಯಲ್ಲಿದೆ. ಯಲಹಂಕದ ವಾಯುನೆಲೆಯಲ್ಲಿ ‘ಏರೋ ಇಂಡಿಯಾ’ ಪ್ರದರ್ಶನ ನೋಡಲು ಹೋದಾಗ ಇದನ್ನು ನೆನಪಿಸಿಕೊಳ್ಳಿ.

ಮರಳುವ ಬಸ್ಸಿನಲ್ಲಿ ಆಡುವ ಆಟ

ಅಮೆರಿಕದಲ್ಲಿ ಇಂಗ್ಲಿಷ್ ಸಂಸ್ಕೃತಿ ಮನೆಯ ಯಜಮಾನನಾಗಿ ಕೂತಿತು. ಆದರೂ ಸ್ವಾತಂತ್ರ್ಯ ಬಂದ ಮೇಲೆ ಅವರು ಇಂಗ್ಲೆಂಡಿನ ನೆರಳಿನಿಂದ ಹೊರಬರಲು ಹೆಣಗಿದರು. ನೋಹ ವೆಬ್‌ಸ್ಟರ್ ಎಂಬ ಮೇಷ್ಟ್ರು ಪದಗಳ ಕಾಗುಣಿತವನ್ನೇ ಬದಲಿಸಿ 1828ರಲ್ಲಿ ಅಮೆರಿಕದ್ದೇ ನಿಘಂಟು ಹೊರತಂದರು. ನಮ್ಮಲ್ಲಿ ಇಂಗ್ಲಿಷ್ ನೆಂಟನ ಹಾಗೆ ಪಡಸಾಲೆಯಲ್ಲಿ ಕೂತಿತ್ತು. ಬೇಕಾದ್ದನ್ನು ಅದರಿಂದ ಪಡೆದು, ಪಂಚೆಯ ಮೇಲೆ ಕೋಟಿನಂತೆ ತೊಟ್ಟುಕೊಂಡೆವು. ಆಶ್ಚರ್ಯವೆಂದರೆ, ಇಂಗ್ಲಿಷರು ಹೋಗಿ ಎಪ್ಪತ್ತೈದು ವರ್ಷ ದಾಟಿದ ಮೇಲೆ ಆ ನೆಂಟ ಅಡುಗೆಮನೆಗೂ ಬಂದಿದ್ದಾನೆ. ‘ಹುರುಳಿಕಾಯಿ’ ಎಂದರೆ ಯಾವುದು ಎಂದು ಕೇಳುವ ಮೊಮ್ಮಕ್ಕಳಿಗೆ ಅಜ್ಜಿ ‘ಬೀನ್ಸ್’ ಎಂದು ಅನುವಾದ ಮಾಡಿ ಹೇಳಬೇಕಾಗಿದೆ. ಇಂಗ್ಲಿಷ್ ಕಲಿಯುವುದು ಬೇಕೇ ಬೇಕು. ಅದರ ಜೊತೆಗೆ ಅಜ್ಜಿಯ ಮಾತೂ ಅನುವಾದವಿಲ್ಲದೆ ಅರ್ಥವಾಗಬೇಕು.

ಅದಕ್ಕೊಂದು ಆಟವಿದೆ. ಯಲಹಂಕದಿಂದ ಹಿಂದಿರುಗುವಾಗ ಮಕ್ಕಳು ದಾರಿಯ ಬೋರ್ಡುಗಳಲ್ಲಿ ಕಾಣುವ ಮೊಟಕು ಅಕ್ಷರಗಳನ್ನು ಒಂದು ಕಡೆ ಬರೆದುಕೊಳ್ಳಲಿ. ಪ್ರತಿಯೊಂದರ ಹಿಂದೆ ಯಾರಿದ್ದಾರೆ, ಏನಿದೆ ಎಂದು ಅಜ್ಜ ಅಜ್ಜಿ ಹೇಳಲಿ. ಹಾಗೆಯೇ ‘ಸೀಮೆ’ಯಿಂದ ಶುರುವಾಗುವ ಪದಗಳನ್ನು ಅಜ್ಜಿ ಒಂದೊಂದಾಗಿ ಹೇಳಲಿ, ಮಕ್ಕಳು ಎಣಿಸಲಿ. ಹತ್ತು ದಾಟಿದರೆ ಆ ಸಂಜೆಯ ಬೈಟು ಕಾಫಿಯ ಖರ್ಚು ಮಕ್ಕಳ ಉಂಡಿಗೆಯಿಂದ!